ಕರ್ನಾಟಕದ ಸಾಲಿನಲ್ಲೊಂದು ನಕ್ಷತ್ರ

ಮಾರ್ಚ್ ೩, ಸೋಮವಾರ

ಇವತ್ತು ನಮ್ಮ ಜೈಲಿನಿಂದ ಬಿಡುಗಡೆ. ಕೈದಿಗಳದಲ್ಲ, ಅಂಕಿಗಳದು. ಯಾವ ಜೈಲಿನಲ್ಲಿ ಯಾವ ರಾಜ್ಯದವರು, ಯಾವ ಧರ್ಮದವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಇನ್ನು ಮೇಲೆ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಧರ್ಮದ ಲೆಕ್ಕ, ಅದೂ ಧರ್ಮಕ್ಕೇ! ಈ ಮಾತನ್ನು ಪ್ರೇರಣಾಗೆ ಹಿಂದಿಯಲ್ಲಿ ಬಿಡಿಸಿ ಹೇಳಲು ಹೋಗಿ, ಮಾತೂ ಕೆಟ್ಟಿತು, ಕಾಫಿಯೂ ಆರಿತು. ಪ್ರೇರಣಾ ಸರ್ಕಾರದ ಅಂಕಿಗಳನ್ನು ಜಾಲತಾಣಕ್ಕೆ ಹಾಕುವ ನಮ್ಮ ಪುಟ್ಟ ಸಂಸ್ಥೆಯ ಮುಖ್ಯಸ್ಥೆ, ಭೋಪಾಲದವಳು. ನನ್ನ ಹಾಸ್ಯವನ್ನು ನನ್ನ ಸಂಬಳದ ಜೊತೆಗೆ ಬರುವ ಖರ್ಚು ಎಂದು ಒಪ್ಪಿಕೊಂಡಿದ್ದಾಳೆ.

ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಅದನ್ನು ತೋರಿಸದೆ ನಕ್ಷತ್ರ ಹಾಕುವುದು ನಮ್ಮ ಕಸುಬಿನ ಪದ್ಧತಿ. ಒಬ್ಬರೋ ಇಬ್ಬರೋ ಇದ್ದಾಗ ಅವರು ಯಾರೆಂದು ಊರಿಗೆ ತಿಳಿಯಬಾರದಲ್ಲ, ಅದಕ್ಕೆ. ಯಾರೂ ಇಲ್ಲದ ಕಡೆ ಬರೀ ಅಡ್ಡಗೆರೆ. ಹೊರಡುವ ಹೊತ್ತಿಗೆ ಪ್ರೇರಣಾ ಒಂದು ಅನುಮಾನ ತೆಗೆದಳು: ಸಾಲಿನ ಕೊನೆಯಲ್ಲಿರುವ ಮೊತ್ತಗಳನ್ನೂ ಮುಚ್ಚಬೇಕಲ್ಲವೇ?

"ಮೊತ್ತವಿಲ್ಲದ ಕೋಷ್ಟಕ ಉಪ್ಪಿಲ್ಲದ ಸಾರು. ಅಷ್ಟು ಮೂಲೆಗೆ ಹೋಗಿ ಯಾರು ಇಣುಕುತ್ತಾರೆ?" ಎಂದೆ.

"ಅಚ್ಛಾ, ತುಮ್ ಜಾನೋ" ಎಂದಳು. ನಿನಗೇ ಬಿಟ್ಟಿದ್ದು, ಎಂದು. ಬಿಟ್ಟಳು. ನಾನೂ ಬಿಟ್ಟೆ.

ರಾಜಧಾನಿಯ ಹೌಜ್ ಖಾಸ್‌ನಲ್ಲಿ ಕಚೇರಿ ಇಟ್ಟು ಕೂತವರಿಗೆ ಖಾಸಗಿ ಏನೂ ಉಳಿಯುವುದಿಲ್ಲ ಎಂದು ಮೆಟ್ರೋದಲ್ಲಿ ನನ್ನಷ್ಟಕ್ಕೆ ನಗುತ್ತ ಬಂದೆ. ಪೀತ ಎಂದರೆ ಹಳದಿ, ಆದರೆ ನನ್ನ ಮನೆಯಿರುವ ಪೀತಮ್‌ಪುರಕ್ಕೆ ಬರುವುದು ಕೆಂಪು ಲೈನು. ಅಂಕಣ ತಪ್ಪುವುದು ನಮ್ಮ ಕಚೇರಿಯಲ್ಲಿ ಮಾತ್ರವಲ್ಲ.

ಇನ್ನೊಂದು ಸಂಶೋಧನೆ: ಎದುರು ಮನೆಯ ಪರಮ ಸಾತ್ವಿಕರು ಸೋಮವಾರದ ಉಪವಾಸದ ದಿನ ಮೊಟ್ಟೆ ತರಿಸುತ್ತಾರೆ. ಡೆಲಿವರಿಯವನು ತಪ್ಪಿ ನನ್ನ ಬಾಗಿಲು ಬಡಿದದ್ದರಿಂದ ತಿಳಿಯಿತು. ನಾಳೆ ಲಿಫ್ಟಿನಲ್ಲಿ ಸಿಕ್ಕಿದರೆ "ಕೋಳಿ ಕೂಗುವ ಮುಂಚೆಯೇ ಎದ್ದಿರಾ?" ಎಂದು ಕೇಳಬೇಕು.

ಮಾರ್ಚ್ ೯, ಭಾನುವಾರ

ಹಿಂದಿನ ಬೀದಿಯ ದೇವೇಂದ್ರಪ್ಪ ಅಂಕಲ್ ಮನೆಯಲ್ಲಿ ಊಟ. ದಾವಣಗೆರೆಯವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿ, ಇಲ್ಲೇ ಫ್ಲ್ಯಾಟ್ ಕೊಂಡು ನಿಂತವರು. ಬೆಳಿಗ್ಗೆ ಇಷ್ಟಲಿಂಗ ಪೂಜೆಯಾಗದೆ ನೀರೂ ಮುಟ್ಟರು. ಶಾರದಾ ಆಂಟಿ ನನ್ನನ್ನು ಕಂಡರೆ ರೊಟ್ಟಿ ತಟ್ಟುವ ಕೈ ನಿಲ್ಲಿಸುವುದೇ ಇಲ್ಲ. ಒಬ್ಬಳೇ ಮಗಳು ರತ್ನಾ ಪುಣೆಯಲ್ಲಿ ಕೆಲಸದಲ್ಲಿದ್ದಾಳಂತೆ. ನಾನು ಈ ಬಡಾವಣೆಗೆ ಬಂದ ಮೇಲೆ ಒಮ್ಮೆಯೂ ಬಂದಿಲ್ಲ. ನಾನು ಕಂಡಿರುವುದು ಫ್ರಿಜ್ಜಿನ ಮೇಲಿನ ಫೋಟೋ ಮಾತ್ರ. ಹಬ್ಬಕ್ಕೂ ಮನೆಗೆ ಬಾರದ ಮಗಳೆಂದರೆ ಒಂದೋ ಪ್ರೇಮ, ಇಲ್ಲವೇ ಜಗಳ. ಪತ್ತೆ ಮಾಡಬೇಕು.

ಆಂಟಿ ಒಳಗೆ ರೊಟ್ಟಿ ಬೇಯಿಸುತ್ತಿದ್ದರು. ಅಂಕಲ್ ನನ್ನ ಲ್ಯಾಪ್‌ಟಾಪಿನ ಪಕ್ಕ ಕುರ್ಚಿ ಎಳೆದುಕೊಂಡರು.

"ಅಲ್ಲಮ್ಮ ಮಯೂರಿ, ನಿನ್ನ ಜೈಲಿನ ಲೆಕ್ಕದಲ್ಲಿ ನಾವು ಲಿಂಗಾಯತರು ಯಾವ ಕಾಲಮ್ಮಿಗೆ ಬರ್ತೀವಿ?"

"ಹಿಂದೂ ಅಂತ ಬರೆಸಿದ್ರೆ ಹಿಂದೂ. ಲಿಂಗಾಯತ ಅಂತಲೇ ಹಟ ಹಿಡಿದ್ರೆ 'ಇತರೆ'. ಯಾಕೆ ಅಂಕಲ್, ಒಳಗೆ ಹೋಗೋ ಆಲೋಚನೆ ಇದೆಯಾ?"

ನಗಲಿಲ್ಲ. ಹರಿಯಾಣದ ಕಡೆಯ ಒಂದು ಚಿಕ್ಕ ಜೈಲಿನ ಹೆಸರು ಹೇಳಿ, ಅದನ್ನು ತೆಗೆ ಎಂದರು. ಅದರಲ್ಲಿ ಹೆಂಗಸರದ್ದು. ಅದರಲ್ಲಿ ಕರ್ನಾಟಕದ ಸಾಲು. ದೇಶಾಭಿಮಾನಕ್ಕಿಂತ ರಾಜ್ಯಾಭಿಮಾನ ದೊಡ್ಡದು ಎಂದುಕೊಂಡೆ.

"ಇಲ್ಲಿ ಬರೀ ಗೆರೆ ಇದೆಯಲ್ಲ. ಈ ಚುಕ್ಕಿ ಏನು?"

ಕೇಳಿದ್ದೇ ತಡ, ನಾನು ಗರಿ ಬಿಚ್ಚಿದೆ. ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ. "ಗೆರೆ ಅಂದ್ರೆ ಯಾರೂ ಇಲ್ಲ. ನಕ್ಷತ್ರ ಅಂದ್ರೆ ಇದ್ದಾರೆ, ಆದ್ರೆ ಎಷ್ಟು ಅಂತ ಹೇಳಲ್ಲ. ಆದ್ರೂ ನೋಡಿ, ಸಾಲಿನ ಕೊನೇಲಿ ಮೊತ್ತ ಒಂದು. ಅಂದ್ರೆ ಆ ಜೈಲಲ್ಲಿ ನಮ್ಮ ಕಡೆಯ ಹೆಣ್ಣು ಒಂದೇ ಒಂದು. ಹಿಂದೂ ಕಾಲಮ್ಮಲ್ಲಿ ಗೆರೆ. ಮುಸ್ಲಿಂ, ಗೆರೆ. ನಕ್ಷತ್ರ ಎಲ್ಲಿದೆ? ಕ್ರೈಸ್ತ. ಮುಚ್ಚಿಟ್ಟದ್ದನ್ನ ಹೀಗೆ ಕಂಡುಹಿಡೀಬಹುದು!"

"ಇತರೆ?"

"ಇತರೆಯಲ್ಲೂ ಗೆರೆ, ಅಂಕಲ್."

"ಸರಿಯಾಗಿ ನೋಡು. ಲಿಂಗಾಯತ ಅಂತ ಬರೆಸಿ, ಅವರು ತಪ್ಪಿ ಆ ಕಡೆ ಹಾಕಿರಬಹುದಲ್ಲ."

"ಚಾನ್ಸೇ ಇಲ್ಲ. ನಾನೇ ಮೂರು ಸಲ ತಾಳೆ ನೋಡಿದೀನಿ. ಪಾಪ, ಕ್ರಿಸ್ಮಸ್ಸಿಗೆ ಆಯಮ್ಮ ಒಬ್ಬಳೇ ಕ್ಯಾರಲ್ ಹಾಡ್ಕೋಬೇಕು. ಸೋಲೋ!"

ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಆಂಟಿ ರೊಟ್ಟಿ ಸೀಯಿಸಿದ್ದನ್ನು ಇದೇ ಮೊದಲು ನೋಡಿದ್ದು. ಎಣ್ಣೆಗಾಯಿ ಚೆನ್ನಾಗಿತ್ತು. ಜೋಕು ಮಾತ್ರ ಏಕೋ ಹತ್ತಲಿಲ್ಲ. ವಯಸ್ಸಾದವರಿಗೆ ಇಂಗ್ಲಿಷ್ ಬೆರೆಸಿದ ಹಾಸ್ಯ ದಕ್ಕುವುದಿಲ್ಲ.

ಮಾರ್ಚ್ ೧೨, ಬುಧವಾರ

ನಮ್ಮ ಪುಟವನ್ನು ಜನ ಸಾವಿರಗಟ್ಟಲೆ ಇಳಿಸಿಕೊಂಡಿದ್ದಾರೆ. ಪ್ರೇರಣಾ ಸಮೋಸ ತರಿಸಿದಳು. ನಾಡಿದ್ದು ಹೋಳಿ. ಕಚೇರಿಯಲ್ಲಿ ಈಗಲೇ ಯಾರೋ ನನ್ನ ಬಿಳಿ ದುಪಟ್ಟಾಕ್ಕೆ ಗುಲಾಬಿ ಬಣ್ಣ ಬಳಿದರು. ಬಣ್ಣ ಬಯಲಾಯಿತು ಎಂದೆ. ಯಾರಿಗೂ ಕನ್ನಡ ಬಾರದು, ಹಾಗಾಗಿ ನಾನೇ ಹೇಳಿ ನಾನೇ ನಕ್ಕೆ.

ಮಾರ್ಚ್ ೧೫, ಶನಿವಾರ

ಶಾರದಾ ಆಂಟಿ ಬಂದಿದ್ದರು. ಇಷ್ಟು ದಿನದಲ್ಲಿ ಒಮ್ಮೆಯೂ ನನ್ನ ಮನೆಗೆ ಬರಿಗೈಯಲ್ಲಿ ಬಂದವರಲ್ಲ. ಇವತ್ತು ಬಂದರು. ಕೂರಿ ಎಂದರೂ ಕೂರಲಿಲ್ಲ.

"ರತ್ನಾ ಪುಣೆಯಲ್ಲಿಲ್ಲ, ಮಯೂರಿ."

ನಾನು ಪೆದ್ದಿಯ ಹಾಗೆ, "ಮತ್ತೆ ಬೆಂಗಳೂರಾ?" ಎಂದೆ.

ಆಂಟಿ ಆ ಜೈಲಿನ ಹೆಸರು ಹೇಳಿದರು.

ಗುರುಗ್ರಾಮದ ಒಬ್ಬ ಬಿಲ್ಡರ್ ಬಳಿ ರತ್ನಾ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಫ್ಲ್ಯಾಟ್ ಕೊಳ್ಳಲು ಬಂದವರ ದುಡ್ಡು ಎತ್ತಿಕೊಂಡು ಆತ ಓಡಿಹೋದ. ಕಾಗದಗಳ ಮೇಲೆ ಇದ್ದದ್ದು ಇವಳ ಸಹಿ. ಕಳೆದ ವರ್ಷದಿಂದ ಒಳಗಿದ್ದಾಳೆ. ವಿಚಾರಣೆ ಇನ್ನೂ ಆರಂಭವೇ ಆಗಿಲ್ಲ. ಪ್ರತಿ ಶನಿವಾರ ಅಂಕಲ್ ಎರಡು ಬಸ್ಸು ಬದಲಾಯಿಸಿ ಮಗಳನ್ನು ನೋಡಿ ಬರುತ್ತಿದ್ದರು. ನಾನು ಅದನ್ನು ಅವರ ವಾರದ ತರಕಾರಿ ಸಂತೆ ಎಂದುಕೊಂಡಿದ್ದೆ. ಈಗ ಜಾಮೀನು ಸಿಕ್ಕಿದೆ. ಇಪ್ಪತ್ತಾರಕ್ಕೆ, ಮನೆಯಿರುವ ಒಬ್ಬರು ಕೋರ್ಟಿಗೆ ಹೋಗಿ ಅವಳಿಗೆ ಹೊಣೆ ನಿಂತು ಸಹಿ ಹಾಕಿದರೆ ಬಿಡುತ್ತಾರೆ. ಫ್ಲ್ಯಾಟ್ ಅಂಕಲ್ ಹೆಸರಿನಲ್ಲಿದೆ. ಬೇರೆ ಯಾರನ್ನು ಕೇಳುವುದು, ಎಲ್ಲರಿಗೂ ಪುಣೆ ಎಂದಿದ್ದಾರಲ್ಲ.

"ಇವತ್ತು ಅವರು ಹೋಗಲಿಲ್ಲ. ಸಹಿಯನ್ನೂ ಹಾಕಲ್ಲ ಅಂತಿದಾರೆ."

"ಆಂಟಿ, ನನಗೆ ಗೊತ್ತಿರಲಿಲ್ಲ..."

"ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಳಗೆ ಹೋಗಿ ಕೆಲವು ತಿಂಗಳಿಗೇ ನನಗೆ ಹೇಳಿದ್ದಳು, ಅಮ್ಮಾ, ಧರ್ಮದ ಜಾಗದಲ್ಲಿ ನಾನು ಹೀಗೆ ಬರೆಸಿದೀನಿ ಅಂತ. ನಾನು ಅತ್ತೆ, ಬೈದೆ, ಆಮೇಲೆ ಸುಮ್ಮನಾದೆ. ಅಪ್ಪಂಗೆ ಹೊರಗೆ ಬಂದ ಮೇಲೆ ನಾನೇ ಹೇಳ್ತೀನಿ, ಜಾಲರಿ ಮಧ್ಯೆ ಇಟ್ಕೊಂಡು ಹೇಳೋ ಮಾತಲ್ಲ ಅಂದಿದ್ದಳು." ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅದನ್ನ ನೀನು ಹೇಳಿಬಿಟ್ಟೆ. ಹಾಡಿನ ಸಮೇತ."

ಅವರು ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ನೋಡಿದೆ. ಹೆಸರು ಮುಚ್ಚಿದ್ದೆ, ಅಂಕಿ ಮುಚ್ಚಿದ್ದೆ. ಸುತ್ತಲಿನ ಗೆರೆಗಳನ್ನು ಮುಚ್ಚಿರಲಿಲ್ಲ. ಯಾರೂ ಇಲ್ಲ, ಯಾರೂ ಇಲ್ಲ, ಯಾರೂ ಇಲ್ಲ ಎಂದು ಹೇಳಿ ಹೇಳಿ ಕೊನೆಗೆ ಅವಳನ್ನೇ ಬೆರಳಿಟ್ಟು ತೋರಿಸುವ ಗೆರೆಗಳು. ಎದುರಿಗೆ ಕೂತವರು ತಂದೆ ಎಂದು ತಿಳಿಯದಿದ್ದುದು ಒಂದು ಮಾತು. ತಿಳಿಯದಿದ್ದರೂ ಆ ಜೋಕು ಹೇಳಬಹುದಿತ್ತೇ?

ಮಾರ್ಚ್ ೧೭, ಸೋಮವಾರ

ಪುಟವನ್ನು ತೆಗೆಯಬೇಕು ಎಂದೆ. ಪ್ರೇರಣಾ ಕನ್ನಡಕ ಹಣೆಗೇರಿಸಿ ನೋಡಿದಳು.

"ಪಬ್ಲಿಕ್ ಡೇಟಾ ಹೈ, ಯಾರ್. ಸರ್ಕಾರವೇ ಕೊಟ್ಟದ್ದು. ನಾವು ಅಚ್ಚುಕಟ್ಟಾಗಿ ಜೋಡಿಸಿದೆವು, ಅಷ್ಟೆ. ಯಾರಿಗೆ ತೊಂದರೆ ಆಯಿತು?"

"ಒಬ್ಬರಿಗೆ."

"ಯಾರು?"

"ಅದನ್ನು ಹೇಳಿದರೆ ಎರಡನೇ ಸಲ ಮಾಡಿದ ಹಾಗಾಗುತ್ತೆ."

ನಾನು ಏನಾದರೂ ತಮಾಷೆ ಸೇರಿಸುತ್ತೇನೆಂದು ಕಾದಳೋ ಏನೋ. ಆಮೇಲೆ "ಚಲೋ, ತೆಗಿ" ಎಂದಳು. ಮೊತ್ತದ ಬಗ್ಗೆ ತಾನು ಅಂದೇ ಕೇಳಿದ್ದೆ ಎನ್ನಲಿಲ್ಲ. ಎಂದಿದ್ದರೆ ಚೆನ್ನಾಗಿತ್ತು.

ತಪ್ಪಾಗಿದೆ, ಕ್ಷಮಿಸಿ ಎಂದು ಪ್ರಕಟಣೆ ಹಾಕೋಣ ಎಂದೆ. ಬರೆಯಲು ಕೂತಾಗ ಗೊತ್ತಾಯಿತು, ಏನು ತಪ್ಪಾಗಿದೆ ಎಂದು ಬರೆದರೆ ಎಲ್ಲಿ ಹುಡುಕಬೇಕು ಎಂದು ದಾರಿ ತೋರಿಸಿದಂತೆಯೇ. ಇಳಿಸಿಕೊಂಡವರ ಬಳಿ ಹಳೆಯ ಪ್ರತಿ ಇದ್ದೇ ಇದೆ. ಕೊನೆಗೆ "ದುರಸ್ತಿಯಲ್ಲಿದೆ" ಎಂದು ಹಾಕಿದೆವು.

ಮಾರ್ಚ್ ೧೮, ಮಂಗಳವಾರ

ದಿನವಿಡೀ ಒಂಟಿ ನಕ್ಷತ್ರಗಳನ್ನು ಹುಡುಕಿದೆ. ಇನ್ನೊಂದು ಜೈಲಿನಲ್ಲಿ ಒಬ್ಬ ಬೌದ್ಧ. ಮತ್ತೊಂದರಲ್ಲಿ ದೂರದ ರಾಜ್ಯದಿಂದ ಬಂದ ಒಬ್ಬ ಸಿಖ್ ಹೆಂಗಸು. ಧರ್ಮ ಇಲ್ಲ ಎಂದು ಬರೆಸಿದ ಒಬ್ಬಾತ. ಹುಡುಕುತ್ತ ಹೋದಂತೆ ಒಬ್ಬೊಬ್ಬರೂ ಯಾರೆಂದು ಊಹಿಸಲು ಶುರು ಮಾಡಿದ್ದೆ. ಹಾಗೆ ಮಾಡುತ್ತಿದ್ದೇನೆಂದು ತಿಳಿದಾಗ ಕಿಟಕಿ ಮುಚ್ಚಿದೆ.

ಲಿಫ್ಟಿನಲ್ಲಿ ಎದುರು ಮನೆಯವರು ಸಿಕ್ಕಿದರು. ನಮಸ್ತೆ ಎಂದೆ. ನಮಸ್ತೆ ಎಂದರು.

ಮಾರ್ಚ್ ೨೨, ಶನಿವಾರ

ಇವತ್ತೂ ಅವರು ಜೈಲಿಗೆ ಹೋಗಲಿಲ್ಲ ಎಂದು ಆಂಟಿ ಫೋನ್ ಮಾಡಿದರು. ನಾನೊಂದು ಸುಳ್ಳನ್ನು ಸಿದ್ಧಪಡಿಸಿಕೊಂಡು ಹೋದೆ. ಮೆಟ್ಟಿಲ ಮೇಲೆ ನಿಂತು ಎರಡು ಸಲ ಒಪ್ಪಿಸಿಕೊಂಡೆ.

ಅಂಕಲ್ ಬಾಲ್ಕನಿಯಲ್ಲಿ ಕೂತಿದ್ದರು. ಕೆಳಗೆ ತರಕಾರಿ ಗಾಡಿಯವನು ಬಟಾಣಿ, ಬಟಾಣಿ ಎಂದು ಕೂಗುತ್ತಿದ್ದ.

"ಅಂಕಲ್, ಆ ಪುಟದಲ್ಲಿ ತಪ್ಪಾಗಿತ್ತು. ಕಾಲಂ ಒಂದು ಮನೆ ಜರುಗಿಬಿಟ್ಟಿತ್ತು. ಇತರೆಯಲ್ಲಿ ಇರಬೇಕಾದ್ದು ಪಕ್ಕಕ್ಕೆ ಬಂದಿದೆ. ಅದಕ್ಕೇ ಪುಟವನ್ನ ತೆಗೆದಿದೀವಿ. ಬೇಕಾದ್ರೆ ನೋಡಿ."

ಅವರು ನನ್ನನ್ನು ನೋಡಿದರು.

"ನೀನು ಈ ಮನೆಗೆ ಬಂದು ತಮಾಷೆ ಇಲ್ಲದೆ ಮಾತಾಡಿದ್ದು ಇದೇ ಮೊದಲು" ಎಂದರು. "ನಿಜ ಹೇಳುವಾಗ ನೀನು ಹಾರಾಡ್ತೀಯಮ್ಮ. ಇದು ನಿಜ ಅಲ್ಲ."

ಅವರು ಕೆಳಗಿನ ಗಾಡಿಯ ಕಡೆ ತಿರುಗಿದರು.

"ಪ್ರತಿ ವಾರ ವಿಭೂತಿ ಕಳಿಸ್ತಿದ್ದೆ. ಅಲ್ಲಿ ಒಬ್ಬ ಹೆಡ್ ವಾರ್ಡರ್ ಪುಣ್ಯಾತ್ಮ, ಒಳಗೆ ತಲುಪಿಸ್ತಿದ್ದ. ಮುಂದಿನ ವಾರ ಅವಳು ಹಣೆ ತುಂಬ ಹಚ್ಚಿಕೊಂಡೇ ಜಾಲರಿ ಹತ್ತಿರ ಬರ್ತಿದ್ದಳು. ಅದನ್ನ ನೋಡಿದ್ರೆ ನನಗೆ ಆ ವಾರ ಕಳೀತಿತ್ತು." ತಮ್ಮ ಹಣೆ ಮುಟ್ಟಿಕೊಂಡರು. "ನಾಟಕ ಆಡಿದಳಲ್ಲ ನನ್ನ ಮುಂದೆ. ಮಗಳು ಜೈಲಿಗೆ ಹೋಗಿದ್ದನ್ನ ತಡ್ಕೊಂಡೆ. ಇದನ್ನ ಹೇಗೆ ತಡ್ಕೊಳ್ಳಲಿ?"

ಒಳಗಿನಿಂದ ಆಂಟಿ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು.

"ನೀವೇನು ಕಮ್ಮಿ ಆಡಿದ್ರಾ? ಜಾಲರಿ ಹತ್ತಿರ ನಿಂತು, ಬಿಪಿ ಇಲ್ಲ, ಶುಗರ್ ಇಲ್ಲ, ಅಮ್ಮ ಹುಷಾರಾಗಿದಾಳೆ, ಎಲ್ಲಾ ಚೆನ್ನಾಗಿದೆ ಅಂತ ಹಲ್ಲು ಬಿಟ್ಕೊಂಡು ಬರ್ತಿದ್ರಿ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗ್ತಿದ್ರಿ. ಅದು ಏನು?"

"ಅದು ಬೇರೆ."

"ಏನು ಬೇರೆ? ನೀವು ನಕ್ಕಿದ್ದು ಅವಳಿಗೋಸ್ಕರ. ಅವಳು ಹಚ್ಚಿಕೊಂಡಿದ್ದು ನಿಮಗೋಸ್ಕರ."

ಅಂಕಲ್ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಂಟಿ ನನ್ನ ಕಡೆ ತಿರುಗಿ, "ಸುಳ್ಳು ಹೇಳಕ್ಕೆ ಬಂದಿದ್ದೆಯಾ? ಅದನ್ನೂ ಸರಿಯಾಗಿ ಹೇಳಕ್ಕೆ ಬರಲ್ಲ ನಿನಗೆ" ಎಂದರು. ಬೈದರೋ ಕನಿಕರಿಸಿದರೋ ತಿಳಿಯಲಿಲ್ಲ. ಊಟ ಮಾಡಿಕೊಂಡು ಹೋಗು ಎಂದರು. ಅವರು ಬಡಿಸಿದ್ದನ್ನು ತಿನ್ನುವುದು ಇವತ್ತು ಒಂದು ಶಿಕ್ಷೆಯಾಗಿತ್ತು. ಎರಡು ರೊಟ್ಟಿ ತಿಂದೆ.

ಮಾರ್ಚ್ ೨೪, ಸೋಮವಾರ

ನಿದ್ದೆ ಇಲ್ಲ. ಬರೆಯಲು ಏನೂ ಇಲ್ಲ.

ಮಾರ್ಚ್ ೨೬, ಬುಧವಾರ

ಕೋರ್ಟಿಗೆ ನಾನು ಮತ್ತು ಆಂಟಿ ಇಬ್ಬರೇ ಹೋಗಿ, ಇನ್ನೊಂದು ತಾರೀಕು ಕೇಳಿ ಬರುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಹೋದಾಗ ನನ್ನ ಹಳೆಯ ಕಾರಿನ ಪಕ್ಕದಲ್ಲಿ ಅಂಕಲ್ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮನೆಯ ಕಾಗದದ ಚೀಲ. ಹಿಂದಿನ ಬಾಗಿಲು ತೆರೆದೆ. ಅವರು ಮುಂದೆ ಕೂತರು.

ವಕೀಲರು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಅಪ್ಪಟ ಗುಮಾಸ್ತರ ಸಹಿ, ಒಂದೂ ಅಕ್ಷರ ಗೆರೆ ದಾಟಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನೀರು ಕುಡಿದರು.

"ಸಂಬಂಧ ಏನು ಅಂತ ಕೇಳಿದ್ರು. ತಂದೆ ಅಂತ ಬರೆದೆ. ಬೇರೆ ಏನನ್ನೂ ಕೇಳಲಿಲ್ಲ" ಎಂದರು.

ಆಂಟಿ ವಕೀಲರ ಜೊತೆ ಮಾತಾಡುತ್ತಿದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ನಾಳೆ ಸಂಜೆ ಬಿಡ್ತಾರಂತೆ. ನೋಡಮ್ಮ, ನನಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಾಗಬಾರದು. ತಾನೇ ಹೇಳ್ತೀನಿ ಅಂದಿದಾಳಲ್ಲ, ಹೇಳಲಿ. ಹೇಳಿದ ದಿನ ನಾನು ಮೊದಲ ಸಲ ಕೇಳ್ತೀನಿ."

"ನಾನು ಅವಳ ಹತ್ತಿರ ಕ್ಷಮೆ ಕೇಳಬೇಕು ಅಂಕಲ್."

"ಕೇಳಬೇಡ."

"ಕೇಳದೆ ಹೇಗಿರಲಿ?"

"ಕೇಳಿದ್ರೆ ನಿನಗೆ ಹಗುರ ಆಗುತ್ತೆ. ಅವಳಿಗೆ ಭಾರ ಆಗುತ್ತೆ. ನಾನೇ ಸುಮ್ಮನಿರ್ತೀನಿ ಅಂದ್ಮೇಲೆ, ನಿನಗೇನು?" ಎಂದರು. ಆಮೇಲೆ ನನ್ನ ಮುಖ ನೋಡಿ, "ಒಂದು ಜೋಕು ಹೇಳು" ಎಂದರು.

ಒಂದೂ ನೆನಪಾಗಲಿಲ್ಲ.

ಮಾರ್ಚ್ ೨೭, ಗುರುವಾರ

ಬಂದಳು.

ಫೋಟೋದಲ್ಲಿರುವುದಕ್ಕಿಂತ ಸಣ್ಣಗಿದ್ದಾಳೆ. ಗೇಟಿನ ಹತ್ತಿರ ಅಪ್ಪನ ಕಾಲು ಮುಟ್ಟಲು ಬಗ್ಗಿದಾಗ ಅವರು ಅರ್ಧದಲ್ಲೇ ತೋಳು ಹಿಡಿದೆತ್ತಿದರು. ಬೇರೇನೂ ಬರೆಯುವಂಥದ್ದಲ್ಲ.

ಹಿಂದಿನ ಸೀಟಿನಲ್ಲಿ ಅವಳ ಎರಡು ಪಕ್ಕ ಅಪ್ಪ, ಅಮ್ಮ. ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಅವಳು ಮುಂದೆ ಬಾಗಿ ನನ್ನ ಭುಜ ಮುಟ್ಟಿದಳು.

"ಅಕ್ಕಾ, ನೀವಿಲ್ಲದಿದ್ರೆ ಈ ಕೆಲಸ ಆಗ್ತಾನೇ ಇರ್ಲಿಲ್ಲ ಅಂತ ಅಮ್ಮ ಅಂದ್ರು. ಥ್ಯಾಂಕ್ಸ್."

ಕನ್ನಡಿಯಲ್ಲಿ ಆಂಟಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಾಯಿಯವರೆಗೆ ಬಂತು. ಎಲ್ಲವೂ ಬಂತು. ಗೇರ್ ಬದಲಾಯಿಸುವ ಅಗತ್ಯವಿರಲಿಲ್ಲ, ಆದರೂ ಬದಲಾಯಿಸಿದೆ.

ಇನ್ನಷ್ಟು ದೂರ ಬಂದ ಮೇಲೆ ಹಿಂದಿನಿಂದ, "ಅಪ್ಪಾ, ನಿಮಗೊಂದು ವಿಷಯ ಹೇಳಬೇಕು. ಮನೆಗೆ ಹೋಗೋಕ್ಕಿಂತ ಮೊದಲೇ ಹೇಳಬೇಕು" ಎಂದಳು.

ರಸ್ತೆ ಬದಿಯಲ್ಲಿ ಟೀ ಅಂಗಡಿಯೊಂದು ಕಂಡಿತು. ಕಾರು ನಿಲ್ಲಿಸಿ ಇಳಿದೆ. ಆಂಟಿಯೂ ಇಳಿದು ಬಂದು ಬೆಂಚಿನ ಮೇಲೆ ಕೂತರು. ನಾನು ಕಾರಿಗೆ ಬೆನ್ನು ಮಾಡಿ ನಿಂತೆ. ಕತ್ತಲಾಗುತ್ತಿತ್ತು. ಕಾರಿನೊಳಗಿನ ದೀಪ ಉರಿಯುತ್ತಿತ್ತು, ತಿರುಗಿದ್ದರೆ ಇಬ್ಬರ ಮುಖವೂ ಕಾಣುತ್ತಿತ್ತು.

"ಕಿತ್ನೇ ಚಾಯ್, ಮೇಡಂ?" ಎಂದು ಅಂಗಡಿಯ ಭಯ್ಯಾ ಕೇಳಿದ. ನಾಲ್ಕು ಎಂದೆ. ಆಂಟಿ ತಮ್ಮ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತರು, ಕುಡಿಯಲಿಲ್ಲ. ಲಾರಿಗಳು ಹೋದವು. ಉಳಿದ ಎರಡು ಲೋಟಗಳ ಮೇಲೆ ಕೆನೆ ಕಟ್ಟಿತು.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಅವಳು ಬಂದು ನನ್ನ ಪಕ್ಕ ನಿಂತಳು. ಅತ್ತಿದ್ದಳು, ಆದರೆ ಮುಖದ ಮೇಲಿನ ಭಾರ ಇಳಿದಿತ್ತು.

"ಅಪ್ಪಂಗೆ ಹೇಳಿಬಿಟ್ಟೆ, ಅಕ್ಕಾ. ಹೆದರಿ ಸತ್ತಿದ್ದೆ. ಎಷ್ಟು ಬೆಚ್ಚಿಬಿದ್ರು ಗೊತ್ತಾ? ಪಾಪ, ಅವರಿಗೆ ಒಂಚೂರೂ ಸುಳಿವಿರಲಿಲ್ಲ. ಆಮೇಲೆ, ನೀನೇ ಹೇಳಿದೆಯಲ್ಲ, ಅದು ದೊಡ್ಡದು ಅಂದ್ರು."

ಆಂಟಿ ತಲೆ ಎತ್ತಲಿಲ್ಲ.

ಅವಳು ನನ್ನ ಕಡೆ ತಿರುಗಿ, ಇಷ್ಟು ದಿನದಲ್ಲಿ ನಗುವುದನ್ನು ಮರೆತವರು ನಗುವ ಹಾಗೆ ನಕ್ಕಳು. "ಏನು ಹೇಳಿದೆ ಅಂತ ಕೇಳಲ್ವಾ ನೀವು?"

"ನಿನ್ನ ಟೀ ಆರಿದೆ" ಎಂದೆ. "ಇರು, ಬೇರೆ ಬಿಸಿ ತರ್ತೀನಿ."